ಜೋಳದ ಸೀಮೆ, ಕಬ್ಬಿನ ಕಾಲುವೆ: ಪುಣೆ ಪರಿಸರದ ರೈತಾಪಿ ಆಹಾರಕ್ರಮವನ್ನು ಕುರಿತು

ಆಹಾರವನ್ನು ಕುರಿತ ಸಮಾಜವಿಜ್ಞಾನದ ಬರವಣಿಗೆಯಲ್ಲಿ ಈಚಿನ ವರ್ಷಗಳಲ್ಲಿ ಎರಡು ಪರಿಕಲ್ಪನೆಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿವೆ. ಒಂದು ‘ಸುಸ್ಥಿರ ಆಹಾರಕ್ರಮ’, ಇನ್ನೊಂದು ‘ಆಹಾರ ಪರಿಸರ’. ಮೊದಲನೆಯದಕ್ಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2010ರಲ್ಲಿ ರೋಮ್ ನಗರದಲ್ಲಿ ನಡೆಸಿದ ವಿಚಾರ ಸಂಕಿರಣದಲ್ಲಿ ಒಂದು ವ್ಯಾಖ್ಯೆ ರೂಪುಗೊಂಡಿತು. ಅದರಂತೆ ನೆಲಕ್ಕೂ ನೀರಿಗೂ ಕಡಿಮೆ ಹೊರೆಯಾಗುವ, ಜನರ ಸಂಸ್ಕೃತಿಗೆ ಒಪ್ಪಿಗೆಯಾಗುವ, ಬಡವರ ಕೈಗೂ ಎಟುಕುವ, ಪುಷ್ಟಿದಾಯಕವಾದ ಊಟವೇ ಸುಸ್ಥಿರವಾದುದು. ಎರಡನೆಯ ಪರಿಕಲ್ಪನೆ ವಿಶ್ವ ಆಹಾರ ಭದ್ರತಾ ಸಮಿತಿಯ ತಜ್ಞಮಂಡಲಿಯು 2017ರಲ್ಲಿ ಹೊರತಂದ ವರದಿಯಿಂದ ಹೆಚ್ಚು ಬಳಕೆಗೆ ಬಂದಿತು. ಜನರು ಏನನ್ನು ಉಣ್ಣುತ್ತಾರೆ ಎಂಬುದು ಅವರ ರುಚಿಯಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಯಾವ ಧಾನ್ಯ ಎಲ್ಲಿ, ಯಾವ ಬೆಲೆಗೆ ದೊರೆಯುತ್ತದೆ, ಅದನ್ನು ಬೇಯಿಸಲು ಮನೆಯಲ್ಲಿ ಯಾರಿಗೆ ಬಿಡುವಿದೆ, ಸರಕಾರ ಯಾವುದನ್ನು ಅಗ್ಗವಾಗಿಸಿದೆ ಎಂಬ ಸಂಗತಿಗಳೆಲ್ಲ ಕೂಡಿ ತಟ್ಟೆಯನ್ನು ನಿರ್ಧರಿಸುತ್ತವೆ ಎಂಬುದು ಅದರ ತಿರುಳು.

ಈ ಎರಡನೆಯ ಪರಿಕಲ್ಪನೆಯನ್ನು ರೂಪಿಸಿದವರ ಕಣ್ಣೆದುರಿಗೆ ಇದ್ದದ್ದು ಬಹುಮಟ್ಟಿಗೆ ಅಂಗಡಿಗೆ ಹೋಗಿ ಕೊಳ್ಳುವ ಮನುಷ್ಯ. ಒಕ್ಕಲುಮನೆಗೆ ಅದನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಒಕ್ಕಲಿಗನ ಆಹಾರ ಪರಿಸರ ಹೊಲದಲ್ಲಿ ತೊಡಗುತ್ತದೆ. ಕಣ, ಹಗೇವು, ಬೀಸುಕಲ್ಲು, ಒಲೆಗಳನ್ನು ಹಾದು ಬರುತ್ತದೆ. ಸಂತೆ ಮತ್ತು ನ್ಯಾಯಬೆಲೆ ಅಂಗಡಿಗಳು ಕೊನೆಯಲ್ಲಿ ಬರುವಂಥವು. ಪುಣೆಯ ಸುತ್ತಣ ನಾಡಿನಲ್ಲಿ ಈ ಕ್ರಮ ಕಳೆದ ನೂರೈವತ್ತು ವರ್ಷಗಳಲ್ಲಿ ಹೇಗೆ ತಲೆಕೆಳಗಾಯಿತು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ಪೀಠದ ಪತ್ರಿಕೆಯಲ್ಲಿ ಪುಣೆಯ ವಿಚಾರವೇಕೆ ಎಂದು ಓದುಗರು ಕೇಳಬಹುದು. ಪುಣೆ ಜಿಲ್ಲೆಯ ಪೂರ್ವಭಾಗದಿಂದ ಸೊಲ್ಲಾಪುರ, ವಿಜಯಪುರ, ಕಲಬುರಗಿಗಳವರೆಗೆ ಹಬ್ಬಿರುವ ಕಪ್ಪುನೆಲದ ಸೀಮೆ ಊಟದ ದೃಷ್ಟಿಯಿಂದ ಒಂದೇ ನಾಡು. 1956ರಲ್ಲಿ ಎಳೆದ ರಾಜ್ಯದ ಗಡಿ ಈ ನಾಡನ್ನು ಎರಡಾಗಿ ಸೀಳಿತೇ ಹೊರತು ಅಡುಗೆಯನ್ನು ಸೀಳಲಿಲ್ಲ. ಕನ್ನಡದ ರೊಟ್ಟಿ, ಮರಾಠಿಯ ಭಾಕರಿ ಎರಡೂ ಒಂದೇ ಜೋಳದ ಹಿಟ್ಟಿನವು. ಪುಂಡಿ ಮತ್ತು ಅಂಬಾಡಿ, ಅಂಬಲಿ ಮತ್ತು ಆಂಬೀಲ, ಕುಸುಬೆ ಮತ್ತು ಕರಡಿ ಎಂಬ ಜೋಡಿಗಳು ಹೆಸರಿನಲ್ಲಿ ಮಾತ್ರ ಬೇರೆ, ಅಥವಾ ಅಲ್ಲಿಯೂ ಹೆಚ್ಚು ಬೇರೆಯಲ್ಲ. ಮರಾಠಿಯ ‘ತೂಪ’ ನಮ್ಮ ತುಪ್ಪವೇ ಎಂಬುದನ್ನು ಭಾಷಾಶಾಸ್ತ್ರಜ್ಞರು ಒಪ್ಪಿದ್ದಾರೆ. ಇದಕ್ಕಿಂತ ಸ್ವಾರಸ್ಯದ ನಿದರ್ಶನ ಒಂದು ಹಬ್ಬದ ಹೆಸರಿನದು. ಮಾರ್ಗಶಿರದ ಅಮಾವಾಸ್ಯೆಯಂದು ಬೀದರ, ಕಲಬುರಗಿ, ವಿಜಯಪುರಗಳ ಒಕ್ಕಲುಮಕ್ಕಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಪೈರಿಗೆ ಚರಗ ಚೆಲ್ಲಿ, ಹತ್ತಾರು ಬಗೆಯ ಕಾಳು-ತರಕಾರಿಗಳನ್ನು ಕೂಡಿಸಿ ಬೇಯಿಸಿದ ಬಜ್ಜಿಯನ್ನು ಸಜ್ಜೆಯ ರೊಟ್ಟಿಯೊಡನೆ ಉಣ್ಣುತ್ತಾರೆ. ಅದೇ ದಿನ, ಅದೇ ಊಟ, ಲಾತೂರು ಮತ್ತು ಧಾರಾಶಿವ ಜಿಲ್ಲೆಗಳ ಮರಾಠಿ ರೈತರದ್ದೂ ಹೌದು. ಅವರು ಆ ಹಬ್ಬವನ್ನು ‘ಯೆಳವಸ’ ಎನ್ನುತ್ತಾರೆ. ಎಳ್ಳಮಾವಾಸ್ಯೆ ಎಂಬ ಕನ್ನಡ ಶಬ್ದ ಸವೆದು ಉಳಿದ ರೂಪವಿದು. ಹೆಸರು ಮರೆತರೂ ಊಟ ಮರೆಯದಿರುವುದು ಸಾಮಾನ್ಯ. ಇಲ್ಲಿ ಎರಡೂ ಉಳಿದಿವೆ.

ಪುಣೆ ಜಿಲ್ಲೆಯ ಭೂಗೋಳವನ್ನು ಎರಡು ಮಾತಿನಲ್ಲಿ ಹೇಳಬಹುದು. ಪಶ್ಚಿಮದಲ್ಲಿ ಲೋಣಾವಳೆಯ ಘಟ್ಟಕ್ಕೆ ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಪೂರ್ವದ ಇಂದಾಪುರಕ್ಕೆ ಬರುವಷ್ಟರಲ್ಲಿ ಅದು 500ರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಮಾವಳ, ಮುಳಶಿ, ಭೋರ ತಾಲೂಕುಗಳಲ್ಲಿ ಬತ್ತ, ಇಳಿಜಾರಿನಲ್ಲಿ ನಾಚಣಿ ಎಂದರೆ ನಮ್ಮ ರಾಗಿ. ನಡುವಣ ಶಿರೂರಿನಲ್ಲಿ ಸಜ್ಜೆ. ಮೂಡಣ ಕಪ್ಪುನೆಲದಲ್ಲಿ ಹಿಂಗಾರಿ ಜೋಳ. ಬೆಳಗಾವಿ ಜಿಲ್ಲೆಯನ್ನು ಬಲ್ಲವರಿಗೆ ಖಾನಾಪುರದಿಂದ ಅಥಣಿಯವರೆಗಿನ ದಾರಿ ನೆನಪಾಗದಿರದು.

ಹಿಂಗಾರಿ ಜೋಳವನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಭಾದ್ರಪದ-ಆಶ್ವಯುಜದಲ್ಲಿ ಬಿತ್ತಿ ಮಾಘ-ಫಾಲ್ಗುಣದಲ್ಲಿ ಕೊಯ್ಯುವ ಈ ಬೆಳೆ ಬಹುತೇಕ ಮಳೆಯನ್ನೇ ಕಾಣುವುದಿಲ್ಲ. ಮುಂಗಾರಿನಲ್ಲಿ ಕಪ್ಪುನೆಲ ಹೀರಿಕೊಂಡ ತೇವದ ಮೇಲೆಯೇ ಬದುಕುತ್ತದೆ. ಒಣಹವೆಯಲ್ಲಿ ಮಾಗುವುದರಿಂದ ಕಾಳು ಮುತ್ತಿನಂತೆ ಬೆಳ್ಳಗಿರುತ್ತದೆ. ಸೊಲ್ಲಾಪುರ ಜಿಲ್ಲೆಯ ಮೋಹೋಳದ ಕೃಷಿ ಕ್ಷೇತ್ರದಲ್ಲಿ 1930ರ ದಶಕದಲ್ಲಿ ನಾಡತಳಿಯಿಂದ ಆಯ್ದು ತೆಗೆದ ‘ಮಾಲದಂಡಿ 35-1’ ಇಂದಿಗೂ ಈ ಸೀಮೆಯ ಒಕ್ಕಲಿಗರ ನೆಚ್ಚಿನ ತಳಿ. ಎಂಬತ್ತು ವರ್ಷಗಳ ಕಾಲ ಒಂದು ತಳಿ ಹೀಗೆ ಉಳಿದದ್ದಕ್ಕೆ ರೊಟ್ಟಿಯ ರುಚಿಯೊಂದೇ ಕಾರಣವಲ್ಲ. ಅದರ ದಂಟು ಉದ್ದ. ಅದರ ಕಣಿಕೆಯನ್ನು ದನ ಬಿಡದೆ ತಿನ್ನುತ್ತದೆ. ಧಾನ್ಯದಷ್ಟೇ ಮೇವೂ ಮುಖ್ಯವೆಂಬುದನ್ನು ಮರೆತ ಅಧಿಕ ಇಳುವರಿಯ ಗಿಡ್ಡ ತಳಿಗಳು 1964ರಿಂದ ಈಚೆಗೆ ಒಂದರ ಹಿಂದೊಂದು ಬಂದವು. ಅವು ಮುಂಗಾರಿ ಜೋಳದಲ್ಲಿ ಬೇರೂರಿದವಾದರೂ ಆ ಕಾಳು ಮಳೆಗೆ ಸಿಕ್ಕಿ ಬೂಷ್ಟು ಹಿಡಿದು ಕಪ್ಪಾಗಿ, ಬಹುಪಾಲು ಕೋಳಿಯ ಮೇವಿಗೂ ಕಾರ್ಖಾನೆಗೂ ಹೋಗುವಂತಾಯಿತು. ‘ಜೋಳ’ ಎಂಬ ಒಂದೇ ಶೀರ್ಷಿಕೆಯಡಿ ಅಂಕಿಅಂಶ ಕೊಡುವ ವರದಿಗಳನ್ನು ಓದುವ ಸಂಶೋಧಕರು ಈ ಭೇದವನ್ನು ಗಮನದಲ್ಲಿಡಬೇಕು.

ಜೋಳದ ಹೊಲದಲ್ಲಿ ಜೋಳವೊಂದೇ ಇರುತ್ತಿರಲಿಲ್ಲ. ಸಾಲುಗಳ ನಡುವೆ ಕಡಲೆ, ಅಂಚಿನಲ್ಲಿ ದನ ಒಳನುಗ್ಗದಂತೆ ಮುಳ್ಳಿನ ಕುಸುಬೆ. ಕಡಲೆಯ ಎಲೆ ಪಲ್ಲೆಗೆ, ಕುಸುಬೆಯ ಎಳೆಯ ಸೊಪ್ಪು ಪಲ್ಲೆಗೆ, ಕುಸುಬೆಯ ಬೀಜ ಗಾಣಕ್ಕೆ. ಕಳೆಯೆಂದು ಕಿತ್ತದ್ದರಲ್ಲಿಯೂ ಹಕ್ಕರಕಿ, ಗೋಣಿಸೊಪ್ಪುಗಳು ಮಡಿಲಿಗೆ ಬರುತ್ತಿದ್ದವು. ಪೌಷ್ಟಿಕತೆಯ ತಜ್ಞರು ಇಂದು ‘ಆಹಾರ ವೈವಿಧ್ಯ’ ಎಂದು ಅಳೆಯುವುದು ಇದನ್ನೇ. ಕಳೆನಾಶಕ ಬಂದ ಮೇಲೆ ಈ ಸೊಪ್ಪುಗಳು ಹೋದವು. ಅವುಗಳ ಹೋಗುವಿಕೆ ಯಾವ ಇಳುವರಿಯ ಲೆಕ್ಕದಲ್ಲಿಯೂ ನಷ್ಟವಾಗಿ ಕಾಣಲಿಲ್ಲ.

ಧಾನ್ಯವನ್ನು ಕೂಡಿಡುವ ವಿಚಾರಕ್ಕೆ ಬಂದರೆ ನಮ್ಮ ಹಳೆಯ ಸಾಹಿತ್ಯ ಕೆಲವು ಸೂಚನೆಗಳನ್ನು ಕೊಡುತ್ತದೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವಾಗಲಿ, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಾಗಲಿ ಅರಮನೆಯ, ಉಳ್ಳವರ ಅಡುಗೆಯನ್ನು ಹೇಳುವ ಗ್ರಂಥಗಳು. ಒಕ್ಕಲಿಗನ ಊಟವನ್ನು ಅಲ್ಲಿ ಹುಡುಕಿ ಫಲವಿಲ್ಲ. ಅದು ಕಾಣುವುದು ಭಕ್ತಿಯ ಪರಂಪರೆಗಳಲ್ಲಿ. ಶಿವನು ಮಾದಾರ ಚೆನ್ನಯ್ಯನ ಅಂಬಲಿಯನ್ನು ಸವಿದನೆಂಬ ಕಥೆ ಶರಣರಿಗೆ ಎಷ್ಟು ಪ್ರಿಯವಾಗಿತ್ತೆಂಬುದು ಎಲ್ಲರಿಗೂ ತಿಳಿದದ್ದೇ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಬತ್ತವೂ ರಾಗಿಯೂ ಶ್ರೇಷ್ಠತೆಗಾಗಿ ಜಗಳವಾಡಿದಾಗ ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಕೆಡದೆ ಉಳಿದ ರಾಗಿ ಗೆಲ್ಲುತ್ತದೆ. ಈ ಕಾವ್ಯವನ್ನು ಕುಲದ ಮೇಲುಕೀಳಿನ ರೂಪಕವಾಗಿ ಓದುವುದು ರೂಢಿ, ಅದು ಸರಿಯೂ ಹೌದು. ಆದರೆ ತೀರ್ಪಿಗೆ ಆಧಾರವಾದದ್ದು ರುಚಿಯಲ್ಲ, ರೂಪವಲ್ಲ, ಬಾಳಿಕೆ ಎಂಬುದನ್ನು ವಿಮರ್ಶಕರು ಸಾಕಷ್ಟು ಗಮನಿಸಿಲ್ಲವೆಂದು ನಮಗೆ ತೋರುತ್ತದೆ. ಬರಗಾಲವನ್ನು ಬಲ್ಲ ಸಮಾಜದ ತೀರ್ಪು ಅದು.

ಕಪ್ಪುನೆಲದ ಸೀಮೆಯಲ್ಲಿ ಈ ಬಾಳಿಕೆಯ ಸಾಧನ ಹಗೇವು, ಮರಾಠಿಯಲ್ಲಿ ‘ಪೇವ’. ಗಟ್ಟಿನೆಲದಲ್ಲಿ ಆಳವಾಗಿ ತೋಡಿ, ಒಳಮೈಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲುಚಪ್ಪಡಿಯಿಟ್ಟು ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿ ಕೆಟ್ಟು ಹುಳ ಬದುಕದಾದ್ದರಿಂದ ಧಾನ್ಯ ವರ್ಷಗಟ್ಟಲೆ ಉಳಿಯುತ್ತಿತ್ತು. ತೆರೆದ ಕೂಡಲೇ ಇಳಿದವನೂ ಬದುಕುವಂತಿರಲಿಲ್ಲ, ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಇಳಿಯಬೇಕು. ಕಳಚೂರಿ ಬಿಜ್ಜಳನ ರಾಜಧಾನಿಯಾಗಿದ್ದ ಮಂಗಳವೇಡೆ ಈ ಜೋಳಕ್ಕೆ ಇಂದಿಗೂ ಹೆಸರಾಂತ ಊರು. ಬಸವಣ್ಣನವರು ಬದುಕಿದ ಈ ಊರಿನಲ್ಲಿಯೇ 15ನೆಯ ಶತಮಾನದಲ್ಲಿ ದಾಮಾಜಿಪಂತನು ಬೀದರದ ಸುಲ್ತಾನನ ಕಣಜವನ್ನು ಬರಪೀಡಿತರಿಗೆ ತೆರೆದುಕೊಟ್ಟನೆಂದೂ, ವಿಠ್ಠಲನೇ ಮಹಾರನ ವೇಷದಲ್ಲಿ ಬೀದರಕ್ಕೆ ಹೋಗಿ ಅದರ ಹಣ ಕಟ್ಟಿದನೆಂದೂ ಐತಿಹ್ಯವಿದೆ. ಮಹೀಪತಿಯ ‘ಭಕ್ತವಿಜಯ’ದಂಥ ಮರಾಠಿ ಸಂತಚರಿತ್ರೆಗಳು ಇಂಥ ಕಥೆಗಳನ್ನು ಉಳಿಸಿಕೊಟ್ಟಿವೆ. ಧಾನ್ಯ ಇದ್ದೂ ಜನ ಸಾಯುವುದು ಹೇಗೆ ಎಂಬ ಪ್ರಶ್ನೆ ಈ ಕಥೆಯ ಒಡಲಲ್ಲಿದೆ. ಇಂದಿನ ಅರ್ಥಶಾಸ್ತ್ರಜ್ಞರು ಬರಗಾಲವನ್ನು ಕುರಿತು ಕೇಳುವ ಪ್ರಶ್ನೆಯೂ ಅದೇ.

ಇನ್ನು ಆಧುನಿಕ ಕಾಲಕ್ಕೆ. ಭಾರತದ ಗ್ರಾಮಾಧ್ಯಯನದ ಆದ್ಯ ಗ್ರಂಥಗಳಲ್ಲಿ ಎರಡು ಪುಣೆಯ ಪರಿಸರದಲ್ಲಿಯೇ ಹುಟ್ಟಿದವು. ಅಲ್ಲಿನ ಕೃಷಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಹೆರಾಲ್ಡ್ ಮಾನ್ ಅವರು ಸಂಗಡಿಗರೊಡನೆ 1917ರಲ್ಲಿ ಪಿಂಪಳೆ ಸೌದಾಗರ ಎಂಬ ಹಳ್ಳಿಯನ್ನೂ 1921ರಲ್ಲಿ ಕಾನಿಟಕರ್ ಅವರೊಡನೆ ಶಿರೂರು ತಾಲೂಕಿನ ಜಾತೆಗಾವ ಬುದ್ರುಕವನ್ನೂ ಕುರಿತು ಅಧ್ಯಯನಗಳನ್ನು ಪ್ರಕಟಿಸಿದರು. ಪಿಂಪಳೆಯಲ್ಲಿ 1771ರಲ್ಲಿ ಸರಾಸರಿ 40 ಎಕರೆಯಿದ್ದ ಹಿಡುವಳಿ 1818ಕ್ಕೆ 17.5, 1914-15ಕ್ಕೆ 7 ಎಕರೆಗೆ ಇಳಿದಿತ್ತು. 156 ಹಿಡುವಳಿದಾರರ ಭೂಮಿ 729 ತುಂಡುಗಳಾಗಿ ಚೆದುರಿತ್ತು. ಹೊಲವೊಂದರಿಂದಲೇ ಹೊಟ್ಟೆ ಹೊರೆಯುವ ಕುಟುಂಬಗಳು ಬೆರಳೆಣಿಕೆಯಷ್ಟು. ಖಡಕಿಯ ಮದ್ದಿನ ಕಾರ್ಖಾನೆಯ ಕೂಲಿಯೇ ಹಲವರಿಗೆ ಆಸರೆ. ಎರಡನೆಯ ಹಳ್ಳಿ ಒಣನೆಲದ್ದು; ಅಲ್ಲಿನ ಸ್ಥಿತಿ ಇನ್ನೂ ಕಷ್ಟ. ಹಿಂದಿನ ಹಳ್ಳಿ ಉಂಡುಟ್ಟು ಸುಖವಾಗಿತ್ತೆಂದು ಹಂಬಲಿಸುವವರು ಮಾನ್ ಅವರ ಪುಟಗಳನ್ನು ಓದುವುದು ಒಳ್ಳೆಯದು. ಪಿಂಪಳೆ ಸೌದಾಗರ ಈಗ ಪಿಂಪರಿ-ಚಿಂಚವಡ ಮಹಾನಗರದೊಳಗಿನ ಬಹುಮಹಡಿ ಬಡಾವಣೆ.

ಜೋಳದ ಸೀಮೆಯ ಹಣೆಬರಹವನ್ನು ಬದಲಿಸಿದ್ದು ನೀರಾ ಕಾಲುವೆ. 1876-78ರ ಭೀಕರ ಬರಗಾಲದ ಅನಂತರ, ಬರದಿಂದ ಬೆಳೆಯನ್ನು ಕಾಯುವ ಉದ್ದೇಶದಿಂದ ಕಟ್ಟಿದ ಕಾಲುವೆ ಇದು. 1880ರ ದಶಕದಲ್ಲಿ ಬಾರಾಮತಿ, ಇಂದಾಪುರಗಳಿಗೆ ನೀರು ಬಂದಿತು. ಆದರೆ ಮಳೆ ಚೆನ್ನಾಗಿ ಬಂದ ವರ್ಷ ಜೋಳದ ರೈತನಿಗೆ ಕಾಲುವೆಯ ನೀರು ಬೇಡ. ಮಳೆ ಕೈಕೊಟ್ಟ ವರ್ಷ ಎಲ್ಲರಿಗೂ ಒಮ್ಮೆಗೇ ಬೇಕು. ವರ್ಷವಿಡೀ ನೀರು ಕೊಂಡು ಕರ ಕಟ್ಟುವ ಬೆಳೆ ಕಬ್ಬೊಂದೇ. ಇಲಾಖೆಯ ಆದಾಯವೂ ಕಬ್ಬಿನಿಂದಲೇ. ಹೀಗೆ ಅನ್ನಕ್ಕಾಗಿ ತೋಡಿದ ಕಾಲುವೆ ಬೆಲ್ಲದ ಕಾಲುವೆಯಾಯಿತು.

ಈ ತೊಡಕನ್ನು ಬಿಡಿಸಲು ಯತ್ನಿಸಿದವರು ಕನ್ನಡಿಗರೇ ಆದ ಎಂ. ವಿಶ್ವೇಶ್ವರಯ್ಯನವರು ಎಂಬುದು ಕೃಷ್ಣರಾಜಸಾಗರದ ಪ್ರಭೆಯಲ್ಲಿ ಮಸುಕಾಗಿರುವ ಸಂಗತಿ. ಪುಣೆಯಲ್ಲಿಯೇ ಇಂಜಿನಿಯರಿಂಗ್ ಓದಿ, ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದ ಅವರು 20ನೆಯ ಶತಮಾನದ ಆರಂಭದ ಹೊತ್ತಿಗೆ ನೀರಾ ಪ್ರದೇಶಕ್ಕಾಗಿ ‘ಬ್ಲಾಕ್ ಪದ್ಧತಿ’ಯನ್ನು ರೂಪಿಸಿದರು. ನೀರನ್ನು ಊರೂರಿಗೆ ಚೆಲ್ಲಾಡದೆ ಹಲವು ಹಳ್ಳಿಗಳಲ್ಲಿ ಒಂದೊಂದು ಬ್ಲಾಕಿಗೆ ಮಾತ್ರ ಕೊಡುವುದು. ಆ ಬ್ಲಾಕಿನಲ್ಲಿ ಕಬ್ಬು ಒಂದು ಪಾಲನ್ನು ಮೀರದಂತೆ ನೋಡಿಕೊಂಡು, ಉಳಿದ ಪಾಲಿನಲ್ಲಿ ಧಾನ್ಯವೇ ಮೊದಲಾದ ಬೆಳೆಗಳನ್ನು ಸರದಿಯಂತೆ ಬೆಳೆಯುವುದು. ನೀರು ಹೆಚ್ಚು ಜನರಿಗೆ ಹಂಚಿಕೆಯಾಗಬೇಕು, ನೆಲ ಜೌಗಾಗಬಾರದು, ಊಟದ ಬೆಳೆ ಹೋಗಬಾರದು ಎಂಬ ಮೂರೂ ಕಾಳಜಿಗಳು ಅದರಲ್ಲಿ ಅಡಕವಾಗಿದ್ದವು. ಸುಸ್ಥಿರತೆಯೆಂಬ ಶಬ್ದ ಹುಟ್ಟುವ ಮೊದಲೇ ಅದರ ಲೆಕ್ಕವನ್ನು ಒಬ್ಬ ಇಂಜಿನಿಯರ್ ಹಾಕಿದ್ದರು. ಪದ್ಧತಿ ಕಾಗದದಲ್ಲಿ ಉಳಿಯಿತು, ಹೊಲದಲ್ಲಿ ಸಡಿಲವಾಯಿತು. 1950ರಲ್ಲಿ ವಿಠ್ಠಲರಾವ್ ವಿಖೆ ಪಾಟೀಲ ಮತ್ತು ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡಗೀಳರ ನೇತೃತ್ವದಲ್ಲಿ ಪ್ರವರಾನಗರದ ಸಹಕಾರಿ ಸಕ್ಕರೆ ಕಾರ್ಖಾನೆ ಆರಂಭವಾಯಿತು. ಸಾಲದಲ್ಲಿ ಮುಳುಗಿದ್ದ ರೈತನಿಗೆ ಅದು ತಂದುಕೊಟ್ಟ ಗೌರವವನ್ನು ನಾವು ಕಡೆಗಣಿಸುವಂತಿಲ್ಲ. ಶಾಲೆ, ಆಸ್ಪತ್ರೆ, ರಸ್ತೆಗಳೆಲ್ಲ ಸಕ್ಕರೆಯ ಹಣದಿಂದ ಬಂದವು. ಆದರೆ ಮಹಾರಾಷ್ಟ್ರದ ಸಾಗುವಳಿ ಭೂಮಿಯ ಸಣ್ಣದೊಂದು ಪಾಲನ್ನಷ್ಟೇ ಆಕ್ರಮಿಸಿರುವ ಕಬ್ಬು ನೀರಾವರಿಯ ನೀರಿನ ಅರ್ಧಕ್ಕಿಂತ ಹೆಚ್ಚನ್ನು ಕುಡಿಯುತ್ತಿರುವುದೂ ಅಷ್ಟೇ ನಿಜ.

ಕಬ್ಬು ಕಡಿಯಲು ಬರುವವರು ಬೀಡ ಮೊದಲಾದ ಒಣಸೀಮೆಯ ಜನ. ಗಂಡಹೆಂಡಿರ ಒಂದು ಜೋಡಿಗೆ ‘ಕೊಯ್ತಾ’ ಎಂದು ಹೆಸರು. ಕತ್ತಿಯ ಹೆಸರೇ ಕೂಲಿಯ ಹೆಸರಾಗಿದೆ. ನಮ್ಮ ‘ಕೊಯ್’ ಧಾತುವಿನೊಡನೆ ಅದರ ನಂಟು ಎದ್ದು ಕಾಣುತ್ತದೆ. ಅರ್ಧ ವರ್ಷ ಗುಡಿಸಲಿನಲ್ಲಿ ಕಳೆಯುವ ಈ ಕುಟುಂಬಗಳು ಊರಿನ ಹಿಂಗಾರಿ ಹೊಲವನ್ನೂ ಅಂಗಳದ ಸೊಪ್ಪನ್ನೂ ಬಿಟ್ಟು ಬಂದಿರುತ್ತವೆ. ಅವರ ಆಹಾರ ಪರಿಸರವನ್ನು ಯಾವ ಹಳ್ಳಿಯ ಸಮೀಕ್ಷೆಯೂ ಪೂರ್ತಿ ಹಿಡಿಯಲಾರದು.

1972-73ರ ಬರ ಎರಡನೆಯ ತಿರುವು. ಕಲ್ಲು ಒಡೆಯುವ ಪರಿಹಾರ ಕಾಮಗಾರಿಗಳಲ್ಲಿ ಲಕ್ಷಾಂತರ ರೈತರು ಕೂಲಿಯಾದರು. ಉದ್ಯೋಗ ಖಾತರಿ ಯೋಜನೆ ಆಗಲೇ ಮೊಳೆಯಿತು. ಅಮೆರಿಕದಿಂದ ಬಂದ ಕೆಂಪು ಜೋಳ ‘ಮಿಲೋ’ ಎಂಬ ಹೆಸರಿನಲ್ಲಿ ಪಡಿತರವಾಯಿತು. ಕಾಮಗಾರಿಯ ಸ್ಥಳಗಳಲ್ಲಿ ‘ಸುಕಡಿ’ ಹಂಚಿದರು. ಬಿಳಿಜೋಳ ಬೆಳೆದ ಕೈಗಳು ಕೆಂಪುಜೋಳಕ್ಕೆ ಸಾಲು ನಿಂತ ಆ ನೆನಪು ವೃದ್ಧರ ಮಾತಿನಲ್ಲಿ ಇನ್ನೂ ಕಹಿಯಾಗಿಯೇ ಇದೆ. ಅಲ್ಲಿಂದ ಮುಂದೆ ಹಗೇವಿನ ಜಾಗವನ್ನು ಪಡಿತರದಂಗಡಿ ಹಿಡಿಯಿತು. ಅದು ಕೊಟ್ಟದ್ದು ಗೋದಿ ಮತ್ತು ಅಕ್ಕಿ. 2013ರ ಆಹಾರ ಭದ್ರತಾ ಕಾಯಿದೆ ಕಿಲೋವಿಗೆ 3 ರೂಪಾಯಿಗೆ ಅಕ್ಕಿ, 2 ರೂಪಾಯಿಗೆ ಗೋದಿ, 1 ರೂಪಾಯಿಗೆ ಒರಟು ಧಾನ್ಯ ಎಂದು ವಿಧಿಸಿತು; 2023ರ ಜನವರಿಯಿಂದ ಧಾನ್ಯ ಉಚಿತವಾಗಿದೆ. ಒರಟು ಧಾನ್ಯ ಕಾಯಿದೆಯಲ್ಲಿ ಇರುವಷ್ಟು ಅಂಗಡಿಯಲ್ಲಿ ಇಲ್ಲ. ದೇಶದಲ್ಲಿ 1960ರ ದಶಕದಲ್ಲಿ ಸುಮಾರು 180 ಲಕ್ಷ ಹೆಕ್ಟೇರಿನಲ್ಲಿದ್ದ ಜೋಳ ಈಚೆಗೆ 40 ಲಕ್ಷದ ಆಸುಪಾಸಿಗೆ ಕುಗ್ಗಿದೆ. ಪರಿಣಾಮವಾಗಿ ಬೆಲೆ ಏರಿತು. 2024-25ರ ಸಾಲಿಗೆ ಕೇಂದ್ರ ಸರಕಾರ ಸಾರಿದ ಬೆಂಬಲ ಬೆಲೆಯೇ ಮಾಲದಂಡಿಗೆ ಕ್ವಿಂಟಲಿಗೆ 3,421 ರೂಪಾಯಿ. ಅದೇ ಅವಧಿಗೆ ಗೋದಿಗೆ 2,275. ಬಡವರ ಧಾನ್ಯವೆನಿಸಿಕೊಂಡಿದ್ದು ಈಗ ಬಡವರು ಕೊಳ್ಳಲಾಗದ ಧಾನ್ಯ. ನೆಲವಿಲ್ಲದವರ ಪಾಡು ಇನ್ನೂ ಬೇರೆ. ಮರಾಠಿಯ ಬಲುತೆ, ಕನ್ನಡದ ಆಯ ಇರುವವರೆಗೆ ಕಣದಲ್ಲಿ ಒಂದು ಪಾಲು, ಅವಮಾನದೊಡನೆಯೇ ಆದರೂ, ಅವರಿಗೆ ಬರುತ್ತಿತ್ತು. ಅದು ರೊಕ್ಕದ ಕೂಲಿಯಾದ ಮೇಲೆ ಪಡಿತರವೊಂದೇ ಗತಿ. ಹಳ್ಳಿಯ ಅಡುಗೆಯನ್ನು ಹೊಗಳುವ ಬರಹಗಳು ಮರೆಮಾಚುವ ಈ ಮುಖವನ್ನು ಶಾಹೂ ಪಾಟೋಳೆಯವರ ‘ಅನ್ನ ಹೇ ಅಪೂರ್ಣಬ್ರಹ್ಮ’ (2015) ತೆರೆದು ತೋರಿಸಿದೆ. ಮರಾಠವಾಡದ ದಲಿತರ ಊಟದ ಚರಿತ್ರೆಯಾದ ಈ ಗ್ರಂಥ ಕನ್ನಡಕ್ಕೆ ಬರಬೇಕು.

ಜೋಳವನ್ನು ಅಮೃತವೆಂದು ಸಾರುವ ಈಚಿನ ಭರಾಟೆಯ ಬಗೆಗೂ ಒಂದು ಮಾತು. 2018ರಲ್ಲಿ ಸರಕಾರ ಈ ಧಾನ್ಯಗಳಿಗೆ ‘ಪೌಷ್ಟಿಕ ಧಾನ್ಯ’ವೆಂದು ಮರುನಾಮಕರಣ ಮಾಡಿತು, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ಆದರೆ 1960ರಲ್ಲಿ ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿ, ಜೋಳವನ್ನೇ ನಂಬಿದ ಬಡ ಕೂಲಿಕಾರರಲ್ಲಿ ಪೆಲಾಗ್ರಾ ಎಂಬ ಚರ್ಮರೋಗ ಕಾಣಿಸುವುದನ್ನು ಗುರುತಿಸಿ, ಅದಕ್ಕೂ ಜೋಳದ ಲ್ಯೂಸಿನ್ ಅಂಶಕ್ಕೂ ನಂಟಿದೆಯೆಂದು ವಾದಿಸಿದ್ದರು. ಜೋಳದಲ್ಲಿ ಲೈಸಿನ್ ಕಡಿಮೆ. ಬೇಳೆ, ಮಜ್ಜಿಗೆ, ಸೊಪ್ಪು ಕೂಡಿದಾಗಲೇ ಅದು ಪೂರ್ಣ ಊಟ. ಎಳ್ಳಮಾವಾಸ್ಯೆಯ ಬಜ್ಜಿಯಲ್ಲಿರುವ ವಿವೇಕ ಇದೇ. ಬರಿಯ ಧಾನ್ಯವನ್ನು ಹಿಂದಿರುಗಿಸಿ ಹೊಲದ ಮಿಶ್ರಬೆಳೆಯನ್ನು ಬಿಟ್ಟರೆ ಊಟ ಹಿಂದಿರುಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ರಕ್ತಹೀನತೆ ಮಹಾರಾಷ್ಟ್ರದಲ್ಲಿ ಶೇಕಡಾ 54.2, ಕರ್ನಾಟಕದಲ್ಲಿ ಶೇಕಡಾ 47.8. ಬೆಳೆಯುವವರ, ಅಡುವವರ ಮೈಯಲ್ಲಿಯೇ ನೆತ್ತರಿಲ್ಲ.

ಅಡುವವರ ಮಾತು ಬಂದದ್ದರಿಂದ ಇನ್ನೊಂದು ಅಂಶ. ರೊಟ್ಟಿ ಬಡಿಯುವುದು ಕಠಿನವಾದ ಕೆಲಸ. ಜೋಳದ ಹಿಟ್ಟಿನಲ್ಲಿ ಗೋದಿಯಂತೆ ಜಿಗುಟಿಲ್ಲ. ಬಿಸಿನೀರಿನಲ್ಲಿ ನಾದಿ, ಒಲೆಯೆದುರು ಕೂತು, ಅಂಗೈಯಿಂದ ಒಂದೊಂದನ್ನೇ ಬಡಿಯಬೇಕು. ಹಿಟ್ಟು ಹಳತಾದರೆ ರೊಟ್ಟಿ ಬಿರಿಯುತ್ತದೆ. ಹೊಲದ ದುಡಿಮೆ ಮುಗಿಸಿ ಬಂದ ಹೆಣ್ಣುಮಕ್ಕಳು ಚಪಾತಿಗೆ ಒಲಿದದ್ದರಲ್ಲಿ ಆಶ್ಚರ್ಯವಿಲ್ಲ; ಅದನ್ನು ಸಂಸ್ಕೃತಿಯ ಅವನತಿಯೆಂದು ದೂರುವ ಗಂಡಸರು ರೊಟ್ಟಿ ಬಡಿದವರಲ್ಲ. ಅದೇ ಕೌಶಲಕ್ಕೆ ಈಗ ಬೆಲೆ ಬಂದಿರುವುದೂ ಉಂಟು: ಸೊಲ್ಲಾಪುರದ ಕಡಕ್ ಭಾಕರಿ ಪುಣೆಯ ಅಂಗಡಿಗಳಲ್ಲಿ ಮಾರಾಟವಾಗುತ್ತದೆ, ಕಲಬುರಗಿಯ ಸ್ವಸಹಾಯ ಸಂಘಗಳ ರೊಟ್ಟಿ ಊರಿನ ಹೆಸರಿನಲ್ಲಿಯೇ ಪೇಟೆಗೆ ಬಂದಿದೆ. ಎಳೆಯ ಜೋಳದ ತೆನೆ ಸುಟ್ಟು ತಿನ್ನುವ ಸೀತನಿ, ಮರಾಠಿಯ ‘ಹುರ್ಡಾ’, ಈಗ ಪುಣೆಯ ಸುತ್ತಣ ತೋಟಗಳಲ್ಲಿ ತಲೆಗಿಷ್ಟೆಂದು ದರವಿಟ್ಟ ವಾರಾಂತ್ಯದ ವಿಹಾರ. ರೈತನಿಗೆ ಅದರಿಂದ ನಾಲ್ಕು ಕಾಸು ಬಂದರೆ ನಾವು ಮೂಗು ಮುರಿಯಬೇಕಾಗಿಲ್ಲ.

ಬೀಜದ ವಿಷಯದಲ್ಲಿ ಹೆಂಗಸರೇ ಮುಂದು. ಪುಣೆಗೆ ಬಡಗಲಾಗಿ, ಅಕೋಲೆ ತಾಲೂಕಿನ ಕೊಂಭಾಳಣೆಯ ರಾಹೀಬಾಯಿ ಪೋಪೇರೆ ನಾಡತಳಿಗಳ ಬೀಜಗಳನ್ನು ಕೂಡಿಸಿ ಹಂಚಿದ್ದಕ್ಕೆ 2020ರ ಪದ್ಮಶ್ರೀ ಪಡೆದರು. ಉರುಳಿ ಕಾಂಚನದಲ್ಲಿ 1967ರಲ್ಲಿ ಮಣಿಭಾಯಿ ದೇಸಾಯಿ ಸ್ಥಾಪಿಸಿದ ಬೈಫ್ ಸಂಸ್ಥೆ ಅವರಿಗೆ ಬೆಂಬಲವಾಗಿ ನಿಂತಿತು. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘ ಇಂಥದೇ ಬೀಜಭಂಡಾರಕ್ಕಾಗಿ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ‘ಈಕ್ವೇಟರ್’ ಪ್ರಶಸ್ತಿಗೆ ಪಾತ್ರವಾಯಿತು. ಎರಡು ರಾಜ್ಯಗಳ ಈ ಕೆಲಸಗಳನ್ನು ಒಟ್ಟಿಗಿಟ್ಟು ನೋಡುವ ಅಧ್ಯಯನಕ್ಕೆ ಎರಡು ಭಾಷೆ ಬಲ್ಲವರು ಬೇಕು.

ಹೊರನಾಡಿನ ಸಂಶೋಧಕರಲ್ಲಿ ಕ್ಷೇತ್ರಕಾರ್ಯದ ಮನಸ್ಸುಳ್ಳವರಿಗೆ ನಮ್ಮ ಸೂಚನೆಯಿಷ್ಟು: ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಮನೆಗಳಿಂದ ತೊಡಗುವುದು ಅನುಕೂಲ. ಹಗೇವಿಗೆ ಇಳಿದು ಧಾನ್ಯ ತೆಗೆದವರು ಈಗ ಮುಪ್ಪಿನಲ್ಲಿದ್ದಾರೆ. ಸೊಪ್ಪುಗಳ ಹೆಸರು, ಮಿಶ್ರಬೆಳೆಯ ಸಾಲುಗಳ ಹೆಸರು, ಆಯದ ಅಳತೆಗಳ ಹೆಸರು ಅವರ ಬಾಯಲ್ಲಿವೆ. ಹೋಗುವುದಾದರೆ ಪುಷ್ಯ-ಮಾಘಗಳಲ್ಲಿ ಹೋಗಬೇಕು. ಸೀತನಿಯ ತೆನೆಯೂ ಕಬ್ಬಿನ ಕಟಾವೂ ಆಗ ಒಂದೇ ದಾರಿಯ ಎಡಬಲಗಳಲ್ಲಿ ಕಾಣಸಿಗುತ್ತವೆ.